ಬಣ್ಣ ಕೊನೆಗೆ ಹಚ್ಚು ಮಗಳೇ

ಪ್ರೀತಿಯ ಮಗಳೇ,

ಆ ಹಳೇ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರನ್ನು ನೀನೇ ಸರಿ ಮಾಡಲು ಹೊರಟಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಕೆಂಪು ಬಣ್ಣದ ಡಬ್ಬಿ ಆಗಲೇ ಬಂದಿದೆಯಂತೆ. ಸದ್ಯಕ್ಕೆ ಅದನ್ನು ಮೂಲೆಗಿಡು. ಬಣ್ಣ ಕೊನೆಯ ಕೆಲಸ.

ಇಂಜಿನ್ ಜಾಮ್ ಆಗಿದೆ ಅಂದೆಯಲ್ಲ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿರುತ್ತವೆ. ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಬಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡ. ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗಬಹುದು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ, 3 ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಸುಮ್ನೆ ಬಿಡು. ಆಮೇಲೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸು. ಒಂದು ಕೂದಲೆಳೆಯಷ್ಟು ಅಲುಗಿದರೆ ಸಾಕು, ದಾರಿಗೆ ಬಂತು ಅಂತ ತಿಳಿ. ಜಗ್ಗದಿದ್ದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್, ಇಳಿಸಲೇಬೇಕು.

ಇಂಜಿನ್ ಓಡಿತು ಅಂತ ಅಲ್ಲಿಗೇ ನಿಲ್ಲಿಸಬೇಡ. ಈ ಗಾಡಿಯ ನಿಜವಾದ ಬುದ್ಧಿ ಇರುವುದು ಹಿಂದುಗಡೆ. ಈ ಜೋಡಣೆ ರೂಪಿಸಿದ ಹ್ಯಾರಿ ಫರ್ಗ್ಯುಸನ್ ನೇಗಿಲನ್ನು ಸುಮ್ನೆ ಸರಪಳಿ ಹಾಕಿ ಎಳೆಸಲಿಲ್ಲ, ಮೂರು ಕಡೆ ಟ್ರ್ಯಾಕ್ಟರಿಗೇ ಸೇರಿಸಿದರು. ಗಟ್ಟಿ ಮಣ್ಣು ಸಿಕ್ಕಿದರೆ ಆ ಮೂರರಲ್ಲಿ ಮೇಲಿನ ಕೊಂಡಿ ಒಳಗಿನ ಸ್ಪ್ರಿಂಗನ್ನು ಒತ್ತುತ್ತದೆ, ಪಂಪಿನ ಎಣ್ಣೆ ಬಿಡುವ ವಾಲ್ವ್ ಸರಿಯುತ್ತದೆ, ನೇಗಿಲು ತಾನಾಗಿ ಒಂಚೂರು ಮೇಲೇಳುತ್ತದೆ. ಅದರ ಭಾರ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಗುರ ಟ್ರ್ಯಾಕ್ಟರೂ ಜಾರದೆ ಉಳುತ್ತದೆ. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ ದೊಡ್ಡ ಮಟ್ಟದಲ್ಲಿ ಬಂದ ಈ ಮೂರು ಕೊಂಡಿಯ ಜೋಡಣೆ ಇವತ್ತಿನ ಟ್ರ್ಯಾಕ್ಟರುಗಳಲ್ಲೂ ಇದೆ. ಇಷ್ಟು ಚೆಂದದ ಕೆಲಸ ಸತ್ತು ಬಿದ್ದಿರುವಾಗ ಬಾನೆಟ್ ಮಾತ್ರ ಫಳಫಳ ಹೊಳೆದರೆ ಏನು ಬಂತು? ನನ್ನ ಲೆಕ್ಕದಲ್ಲಿ ನೇಗಿಲು ಎತ್ತಿ ಉತ್ತ ದಿನವೇ ಅದು ರಿಪೇರಿಯಾದ ದಿನ.

ನೇಗಿಲನ್ನು ಎತ್ತುವ ಹೈಡ್ರಾಲಿಕ್ ಪಂಪ್ ಇರುವುದು ಹಿಂದಿನ ಹೌಸಿಂಗಿನ ಒಳಗೆ, ಗೇರಿನ ಎಣ್ಣೆಯಲ್ಲೇ ಮುಳುಗಿಕೊಂಡು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ. ಪೂರ್ತಿ ಬಸಿದು ತೊಳೆ.

ಕ್ಲಚ್ ಪೆಡಲ್ ಒಂದು ಬದಿ ಸವೆದು ನುಣುಪಾಗಿದೆ, ಫೋಟೋದಲ್ಲಿ ನೋಡಿದೆ. ಯಾರದ್ದೋ ಕಾಲು ವರ್ಷಗಟ್ಟಲೆ ಅಲ್ಲೇ ಊರಿದೆ, ಅಲ್ವಾ? ಅದನ್ನು ಬದಲಿಸಬೇಡ. ಮಡ್‌ಗಾರ್ಡಿನ ತಗ್ಗುಗಳಿಗೂ ಪುಟ್ಟಿ ಮೆತ್ತಬೇಡ. ಬ್ರೇಕ್, ಸ್ಟೀರಿಂಗ್ ಮಾತ್ರ ಬೇರೆ ವಿಷಯ, ಅಲ್ಲಿ ಸವೆದದ್ದೆಲ್ಲ ಹೊಸದೇ ಆಗಬೇಕು.

ಇನ್ನೊಂದು ಮಾತು. ಇಂಜೆಕ್ಟರ್ ಚಿಮ್ಮಿಸಿ ನೋಡುವಾಗ ಕೈ ಅಡ್ಡ ಹಿಡಿಯಬೇಡ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ, ಗಾಯ ಚಿಕ್ಕದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗು.

ಪಂಪ್ ಬಿಚ್ಚುವ ದಿನ ಮೊದಲೇ ತಿಳಿಸು. ನಾನೂ ಬರುತ್ತೇನೆ.

ನಿನ್ನ ಅಪ್ಪ