ಶಾಲೆಗೂ ಒಂದು ಏಲಂ ಕರೆಯೋಣ

ಸಂಪಾದಕರಿಗೆ ನಮಸ್ಕಾರ.

ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಎರಡು ಕೋಣೆಗಳಿಗೆ ಹಂಚು ಬದಲಾಯಿಸಬೇಕು. ಕಳೆದ ಮಳೆಗಾಲದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಬೆಂಚುಗಳನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದರು. ನಡುವೆ ಬಿಸಿಯೂಟದ ಒಂದು ಪಾತ್ರೆ, ಅದಕ್ಕೆ ಟಪ್ ಟಪ್ ಅಂತ ನೀರು. ಅರ್ಜಿ ಕೊಟ್ಟಿದ್ದೇವೆ, ಅದು ಆಗುವಾಗ ಆಗಲಿ. ಆದರೆ ದುಡ್ಡು ಒಟ್ಟು ಮಾಡುವ ಮಾತು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಬಂದಾಗಲೆಲ್ಲ ಅದೇ ಐದಾರು ಮನೆಗಳ ಹೆಸರು. ಪ್ರತಿ ಸಲ ಅವರ ಅಂಗಳಕ್ಕೇ ರಶೀದಿ ಪುಸ್ತಕ ಹಿಡಿದು ಹೋಗಲು ನಮಗೂ ನಾಚಿಕೆ, ಉಳಿದವರಿಗೆ ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ ಅನ್ನುವ ಬೇಸರ.

ಅದಕ್ಕೆ ನಾನು ಹೇಳುವುದು, ವಾರ್ಷಿಕೋತ್ಸವದ ದಿನ ಒಂದು ಏಲಂ, ಅಂದರೆ ಹರಾಜು, ಇಡೋಣ. ದಕ್ಷಿಣ ಕನ್ನಡದವರಿಗೆ ಇದು ಹೊಸದಲ್ಲ ಅಲ್ವಾ? ದೇವಸ್ಥಾನದಲ್ಲಿ ದೇವಿಯ ಸೀರೆ, ಇಗರ್ಜಿಯಲ್ಲಿ ಹೊಸ ಬೆಳೆ, ಮಸೀದಿಯಲ್ಲಿ ಹಲಸಿನ ಹಣ್ಣು. 2023ರಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದ ಮಸೀದಿಯಲ್ಲಿ ಒಂದೇ ಒಂದು ಹಲಸಿನ ಹಣ್ಣು 4 ಲಕ್ಷ ರೂಪಾಯಿ ದಾಟಿತ್ತು. ಇಂಥ ಕಡೆ ಒಮ್ಮೊಮ್ಮೆ ಗೆದ್ದವರೇ ಹಣ್ಣನ್ನು ವಾಪಸ್ ಕೊಡುತ್ತಾರೆ, ಅದೇ ಹಣ್ಣು ಪುನಃ ಏಲಂಗೆ ಬರುತ್ತದೆ. ಈ ಉತ್ಸಾಹ ಶಾಲೆಯ ಅಂಗಳಕ್ಕೂ ಬರಲಿ.

ಸಾಮಾನು ಪೇಟೆಯಿಂದ ತರುವುದು ಬೇಡ. ಬಾಳೆಗೊನೆ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಕಟ್ಟು, ಒಂದು ಊರ ಕೋಳಿ, ಇವೆಲ್ಲ ಮನೆಗಳಿಂದಲೇ ಬರುತ್ತವೆ. ಅದಕ್ಕಿಂತ ಜಾಸ್ತಿ ದುಡ್ಡು ಬರುವುದು ಕೆಲಸಕ್ಕೆ. ಅಡಿಕೆ ಮರಕ್ಕೆ ಮದ್ದು ಬಿಡುವವರು ಜೂನ್ ತಿಂಗಳಲ್ಲಿ ಸಿಗಬೇಕಾದರೆ ಎಷ್ಟು ಫೋನ್ ಮಾಡಬೇಕು ಅಂತ ತೋಟ ಇದ್ದವರಿಗೆಲ್ಲ ಗೊತ್ತು. ಮಳೆ ಹಿಡಿದ ಮೇಲೆ ಒಂದು ವಾರ ತಡವಾದರೂ ಕೊಳೆರೋಗದ ಹೆದರಿಕೆ. ಅಂಥವರೊಬ್ಬರು "ನನ್ನ ಒಂದು ದಿನ ಶಾಲೆಗೆ" ಅಂತ ಚೀಟಿ ಬರೆದುಕೊಟ್ಟರೆ ಅದರ ಮೇಲೆ ಕೂಗು ಹೇಗೆ ಏರುತ್ತದೆ ನೋಡಿ. ಸಾವಿರ ರೂಪಾಯಿ ದೇಣಿಗೆ ಕೊಡಲು ಆಗದವರು ಆ ದಿನ ಊರಿನ ದೊಡ್ಡ ದಾನಿಗಳಾಗುತ್ತಾರೆ. ಟೈಲರ್ ಅಕ್ಕನ ಎರಡು ರವಿಕೆ, ಎಲೆಕ್ಟ್ರಿಷಿಯನ್‌ನ ಅರ್ಧ ದಿನ, ಇವೂ ಹಾಗೆಯೇ. ಗಲ್ಫ್‌ನಲ್ಲಿರುವ ಹಳೆ ವಿದ್ಯಾರ್ಥಿಗಳು ವಾಟ್ಸ್ಆ್ಯಪ್ ಕಾಲ್‌ನಲ್ಲೇ ಕೂಗಬಹುದು, ಗೆದ್ದ ಗೊನೆಯನ್ನು ಬಿಸಿಯೂಟಕ್ಕೆ ಬಿಟ್ಟುಕೊಡಬಹುದು.

ಸಭೆಯಲ್ಲಿ ಒಬ್ಬರು ಯೂಟ್ಯೂಬ್ ನೋಡಿ, ವಾರ್ಷಿಕೋತ್ಸವದ ಮುಂದಿನ ಸಾಲಿನ ಕುರ್ಚಿಗಳನ್ನು ಏಲಂ ಹಾಕೋಣ ಅಂದರು. ನಾನು ಒಪ್ಪಲಿಲ್ಲ. ದುಡ್ಡಿದ್ದವರ ಮಗುವಿನ ಡ್ಯಾನ್ಸ್ ಅವರಿಗೆ ಹತ್ತಿರದಿಂದ ಕಾಣಬೇಕು, ಬೀಡಿ ಕಟ್ಟುವ ತಾಯಿಗೆ ಹಿಂದಿನಿಂದ ಕಾಣಬೇಕು ಅಂದರೆ ಅದು ಯಾವ ನ್ಯಾಯ? ಶಾಲೆಯ ಹಳೆ ಬೆಂಚು, ಕಪಾಟುಗಳನ್ನೂ ಮುಟ್ಟಬಾರದು. ಅವು ಸ್ಟಾಕ್ ರಿಜಿಸ್ಟರಿನಲ್ಲಿರುವ ಸರ್ಕಾರದ ಸೊತ್ತು. ಇಲಾಖೆಯ ಅನುಮತಿ ಇಲ್ಲದೆ ಮಾರಿದರೆ ಕೊನೆಗೆ ಹೆಡ್‌ಮಾಸ್ಟರ್ ತಲೆಗೆ ಬರುತ್ತದೆ.

ಮತ್ತೆ, ಲೆಕ್ಕ ಅಲ್ಲೇ ಆಗಬೇಕು. ಯಾವ ವಸ್ತು ಎಷ್ಟಕ್ಕೆ ಹೋಯಿತು ಅಂತ ಬೋರ್ಡಿನ ಮೇಲೆ ಬರೆಯಿರಿ, ರಶೀದಿ ಕೈಗೆ ಕೊಡಿ, ಮರುದಿನ ದುಡ್ಡು ಎಸ್‌ಡಿಎಂಸಿ ಖಾತೆಗೆ ಹೋಗಲಿ. ಹಿಂದೊಮ್ಮೆ ಬೇರೊಂದು ಊರಿನ ಕಾರ್ಯಕ್ರಮದಲ್ಲಿ ನಾನೇ ಒಂದು ಗೊನೆ ಗೆದ್ದಿದ್ದೆ. ದುಡ್ಡು ಕೊಟ್ಟೆ, ರಶೀದಿ ಇವತ್ತಿನವರೆಗೂ ಬಂದಿಲ್ಲ. ಅಲ್ಲಿ ಪುನಃ ಕೂಗಲು ನನಗೆ ಮನಸ್ಸೇ ಬರಲಿಲ್ಲ.

ಕಿತ್ತಳೆ ಮಾರಿ ಉಳಿಸಿದ ದುಡ್ಡಿನಿಂದ ಹರೇಕಳದಲ್ಲಿ ಶಾಲೆ ಎಬ್ಬಿಸಿದ ಹಾಜಬ್ಬರು ನಮ್ಮದೇ ಜಿಲ್ಲೆಯವರು. ಎರಡು ಕೋಣೆಯ ಹಂಚು ಒಂದು ಇಡೀ ಊರಿಗೆ ಆಗದ ಕೆಲಸವಾ? ಬರುವ ಶನಿವಾರ ಪುನಃ ಸಭೆ ಇದೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ, ಒಂದು ಕದಳಿ ಗೊನೆ ಮತ್ತು ಹಂಚು ಹೊದಿಸುವ ದಿನ ನನ್ನ ಪಿಕಪ್.

ಒಬ್ಬ ಪೋಷಕ, ಪುತ್ತೂರು ತಾಲ್ಲೂಕು