ಲ್ಯಾಬ್ ತಪಾಸಣೆ ಅಂದ್ರೆ ಬರೀ ಟಿಕ್ ಹಾಕೋದಾ?

ಮಾನ್ಯ ಸಂಪಾದಕರೇ,

ನಾನು ಮೆಡಿಕಲ್ ಲ್ಯಾಬ್‌ನಲ್ಲಿ ಕೆಲಸ ಮಾಡೋಳು, ಬಯೋಸೇಫ್ಟಿ (ರೋಗಾಣುವಿಂದ ಸುರಕ್ಷತೆ) ತಪಾಸಣೆ ಹೆಂಗೆ ನಡೆಯುತ್ತೆ ಅಂತ ಹತ್ತಿರದಿಂದ ನೋಡಿದೀನಿ. ತಪಾಸಣೆಯವ್ರು ಬರ್ತಾರೆ, ಫೈಲ್ ಕೇಳ್ತಾರೆ, ಗ್ಲೌಸ್ ಇದೆಯಾ ಟಿಕ್, ಕ್ಯಾಬಿನೆಟ್ (ರೋಗಾಣು ಹೊರಗೆ ಬರದ ಹಾಗೆ ಗಾಳಿ ಎಳೆಯೋ ಪೆಟ್ಟಿಗೆ) ಇದೆಯಾ ಟಿಕ್, ಸಹಿ ಹಾಕಿ ಹೊರಡ್ತಾರೆ. ಆ ಕ್ಯಾಬಿನೆಟ್ ಗಾಳಿನ ಸರಿಯಾಗಿ ಎಳೀತಿದೆಯಾ, ಅದರಲ್ಲಿ ರೋಗಾಣು ಹಿಡಿಯೋ ಹೆಪಾ ಫಿಲ್ಟರ್ ಟೆಸ್ಟ್ ಮಾಡಿ ಎಷ್ಟು ದಿನ ಆಯ್ತು, ಯಾರೂ ಕೇಳಲ್ಲ. ನಾನು ಮೊದಲಿದ್ದ ಕಡೆ ಕ್ಯಾಬಿನೆಟ್ ಮುಂದೆ ಗಾಳಿ ಎಳೆಯೋ ಗ್ರಿಲ್ ಮೇಲೇನೇ ರಿಜಿಸ್ಟರ್ ಇಟ್ಕೊಂಡು ಬರೀತಿದ್ರು, ಗ್ರಿಲ್ ಮುಚ್ಚಿದ್ರೆ ರೋಗಾಣುನ ತಡೆಯೋ ಗಾಳಿ ಪರದೆನೇ ಕೆಟ್ಟುಹೋಗುತ್ತೆ, ಆಮೇಲೆ ಕ್ಯಾಬಿನೆಟ್ ಇದ್ದೂ ಒಂದೇ ಇಲ್ದಿದ್ರೂ ಒಂದೇ. ಸೆಂಟ್ರಿಫ್ಯೂಜ್ (ಟ್ಯೂಬ್‌ಗಳನ್ನ ಜೋರಾಗಿ ತಿರುಗಿಸೋ ಯಂತ್ರ) ಒಳಗೆ ಟ್ಯೂಬ್ ಒಡೆದ್ರೆ, ಗಾಳಿಲಿರೋ ಸಣ್ಣ ಹನಿ ಕೆಳಗೆ ಕೂರೋವರೆಗೂ ಅರ್ಧ ಗಂಟೆ ಮುಚ್ಚಳ ತೆಗೀಬಾರ್ದು, ರಿಪೋರ್ಟ್ ಅವಸರದಲ್ಲಿ ಯಾರು ಕಾಯ್ತಾರೆ ಹೇಳಿ!

ಬಯೋಸೆಕ್ಯುರಿಟಿ ಬೇರೆ ವಿಷ್ಯ. ಬಯೋಸೇಫ್ಟಿ ಅಂದ್ರೆ ರೋಗಾಣುವಿಂದ ಜನರನ್ನ ಕಾಪಾಡೋದು, ಬಯೋಸೆಕ್ಯುರಿಟಿ ಅಂದ್ರೆ ರೋಗಾಣು ತಪ್ಪು ಕೈಗೆ ಸಿಗದ ಹಾಗೆ ನೋಡ್ಕೊಳ್ಳೋದು. ಫ್ರೀಜರ್ ಕೀ ಯಾರ ಹತ್ರ ಇದೆ, ಒಳಗೆ ರೋಗಾಣು ಇಟ್ಟಿರೋ ಎಷ್ಟು ವೈಯಲ್ (ಸಣ್ಣ ಸೀಸೆ) ಇದಾವೆ, ರಿಜಿಸ್ಟರ್‌ಗೆ ತಾಳೆ ಆಗುತ್ತಾ ಅಂತ ಎಣಿಸಿ ನೋಡ್ಬೇಕು.

ರೋಗಾಣು ಲ್ಯಾಬಿಂದ ಹೊರಗೆ ಬಂದ್ರೆ ಏನಾಗುತ್ತೆ ಅಂತ ನೋಡಿ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಡುಬಿನ ಲ್ಯಾಬ್ ಇದ್ದ ಕಟ್ಟಡದಲ್ಲೇ ಕೆಲಸ ಮಾಡ್ತಿದ್ದ ಫೋಟೋಗ್ರಾಫರ್ ಒಬ್ರು ಸಿಡುಬು ತಗುಲಿ ತೀರ್ಕೊಂಡ್ರು. 2004ರಲ್ಲಿ ಬೀಜಿಂಗ್‌ನಲ್ಲಿ ಸಾರ್ಸ್ ಅನ್ನೋ ಉಸಿರಾಟದ ಕಾಯಿಲೆಯ ವೈರಸ್ ಲ್ಯಾಬಿಂದಾನೇ ಹೊರಬಿತ್ತು.

ತಪಾಸಣೆಗೆ ಬರೋರು ಫೈಲ್ ಬಿಟ್ಟು ಒಂದು ಗಂಟೆ ಬೆಂಚ್ ಪಕ್ಕ ನಿಂತು ನಾವು ಕೆಲಸ ಮಾಡೋದನ್ನ ನೋಡ್ಲಿ. ಸೂಜಿ ಚುಚ್ಕೊಂಡೆ ಅಂತ ಹೇಳಿದವ್ರಿಗೆ ಬೈಯೋದನ್ನೂ ನಿಲ್ಲಿಸ್ಲಿ, ಬೈಗುಳಕ್ಕೆ ಹೆದರಿ ಮುಚ್ಚಿಟ್ಟವ್ರೇ ಜಾಸ್ತಿ ನಾನು ನೋಡಿರೋದು.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್