ಮೊದಲು ‘ಯಾವ ಊರು?’ ಎಂದು ಕೇಳಿ

ಮಾನ್ಯ ಸಂಪಾದಕರೇ,

ದುಬೈಯಲ್ಲಿ ಆಸ್ಪತ್ರೆ, ಅಂಗಡಿ, ಕಚೇರಿ, ಮನೆ ಎಲ್ಲೇ ಆಗಲಿ, ಕನ್ನಡಿಗರ ಪಕ್ಕದಲ್ಲಿ ಒಬ್ಬರಾದರೂ ಫಿಲಿಪಿನೊ ಕೆಲಸ ಮಾಡುತ್ತಿರುತ್ತಾರೆ. ಅವರಲ್ಲಿ ಹೊಸದಾಗಿ ಬಂದವರು ‘ನಮ್ಮೂರಿನವರು ಎಲ್ಲಿ ಸಿಗುತ್ತಾರೆ?’ ಎಂದು ಕೇಳಿದರೆ ನಮ್ಮವರು ಕಾನ್ಸುಲೇಟಿನ ವಿಳಾಸವನ್ನೋ ಫೇಸ್‌ಬುಕ್ ಗುಂಪಿನ ಹೆಸರನ್ನೋ ಹೇಳಿ ಸುಮ್ಮನಾಗುತ್ತಾರೆ. ಅಲ್ ಕುಸೈಸ್‌ನ ಫಿಲಿಪ್ಪೀನ್ಸ್ ಕಾನ್ಸುಲೇಟ್ ಇರುವುದು ಪಾಸ್‌ಪೋರ್ಟಿಗೆ, ಕಾಗದಪತ್ರಕ್ಕೆ, ಕಷ್ಟಕಾಲದ ಆಸರೆಗೆ. ಗೆಳೆತನಕ್ಕೆ ಅಲ್ಲಿ ಕೌಂಟರ್ ಇಲ್ಲ. ಫೇಸ್‌ಬುಕ್ ಗುಂಪುಗಳಲ್ಲಂತೂ ಅರ್ಧಕ್ಕರ್ಧ ಬೆಡ್‌ಸ್ಪೇಸ್ (ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆಯ ಬಾಡಿಗೆ) ಜಾಹೀರಾತು, ಉಳಿದರ್ಧ ಸಾಬೂನು, ಲೋಶನ್ ಮಾರಾಟ.

ಮೊದಲು ಕೇಳಬೇಕಾದದ್ದು ‘ಯಾವ ಊರು?’ ಎಂದು. ಅವರ ಮಾತಿನಲ್ಲಿ ‘ತಗಾ ಸಾಆನ್ ಕಾ?’ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ ಅದು, ಭಾಷೆಗಳು ನೂರಕ್ಕೂ ಹೆಚ್ಚು. ಟಗಾಲೊಗ್ ಬಹುತೇಕ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಸೆಬುವಿನವರು ಬಿಸಾಯದಲ್ಲಿ, ಉತ್ತರ ಲೂಝೋನಿನವರು ಇಲೊಕಾನೊದಲ್ಲಿ, ಇಲೊಯಿಲೊದವರು ಇಲೊಂಗೊದಲ್ಲಿ ಮನಸ್ಸು ಬಿಚ್ಚುತ್ತಾರೆ. ಪರದೇಶದಲ್ಲಿ ನಾವು ಕನ್ನಡ, ತುಳು, ಕೊಂಕಣಿ, ಬ್ಯಾರಿ, ಕೊಡವ ಎಂದು ಬೇರೆ ಬೇರೆ ಕೂಟ ಕಟ್ಟಿಕೊಂಡಂತೆ ಅವರಲ್ಲೂ ಪ್ರಾಂತ್ಯಕ್ಕೊಂದು ಬಳಗ ಇರುತ್ತದೆ. ಹಾಗಾಗಿ ಹುಡುಕುವಾಗ ‘ಫಿಲಿಪಿನೊ, ದುಬೈ’ ಎಂದು ಹುಡುಕಬಾರದು. ಪ್ರಾಂತ್ಯದ ಹೆಸರು, ಆಮೇಲೆ ಊರಿನ ಹೆಸರು, ಓದಿದ ಕಾಲೇಜಿನ ಹೆಸರು, ಹೀಗೆ ಒಂದೊಂದಾಗಿ ಹಾಕಿ ನೋಡಬೇಕು. ನರ್ಸ್‌ಗಳಿಗೆ ಕಾಲೇಜಿನ ಹೆಸರೇ ಬೇಗ ಕೆಲಸ ಮಾಡುತ್ತದೆ.

ಎರಡನೆಯ ಪ್ರಶ್ನೆ ಧರ್ಮದ್ದು. ಇದನ್ನು ನಯವಾಗಿ ಕೇಳಬೇಕು. ಬಹುಪಾಲು ಜನ ಕ್ಯಾಥೊಲಿಕರು. ಅವರಿಗೆ ಊದ್ ಮೆಥಾದ ಸೇಂಟ್ ಮೇರೀಸ್ ಚರ್ಚಿನ ಆವರಣವೇ ಊರ ಕಟ್ಟೆ. ಮೆಟ್ರೊ ಹಸಿರು ಮಾರ್ಗದಲ್ಲಿ ಊದ್ ಮೆಥಾ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಮೊಂತಿ ಹಬ್ಬಕ್ಕೆ ಅಲ್ಲಿಗೆ ಹೋಗುವ ಮಂಗಳೂರಿನವರಿಗೆ ದಾರಿ ಹೇಳಬೇಕಿಲ್ಲ. ಕೊಂಕಣಿ ಪೂಜೆ ಇರುವಂತೆ ಟಗಾಲೊಗ್ ಪೂಜೆಯೂ ಅಲ್ಲಿದೆ. ಜೆಬೆಲ್ ಅಲಿ ಕಡೆಯವರಿಗೆ ಸೇಂಟ್ ಫ್ರಾನ್ಸಿಸ್ ಚರ್ಚ್. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಚರ್ಚಿನ ಪ್ರಕಟಣೆ ನೋಡಿಯೇ ಹೊರಡಬೇಕು. ಪೂಜೆ ಮುಗಿದೊಡನೆ ಗೇಟಿನತ್ತ ಓಡಿದರೆ ಯಾರೂ ಸಿಗುವುದಿಲ್ಲ. ಪರಿಚಯ ಬೆಳೆಯುವುದು ಆಮೇಲಿನ ಅರ್ಧ ಗಂಟೆಯಲ್ಲಿ. ಗಾಯನ ತಂಡಕ್ಕೋ ಸ್ವಯಂಸೇವಕರ ಗುಂಪಿಗೋ ಹೆಸರು ಕೊಟ್ಟವರಿಗೆ ತಿಂಗಳೊಳಗೆ ಬಳಗ ಆಗಿಬಿಡುತ್ತದೆ.

ಎಲ್ಲರೂ ಕ್ಯಾಥೊಲಿಕರೆಂದುಕೊಂಡರೆ ಎಡವಟ್ಟು. ಇಗ್ಲೆಸಿಯಾ ನಿ ಕ್ರಿಸ್ಟೊ ಎಂಬ ಸಭೆಯವರು ಕ್ರಿಸ್‌ಮಸ್ ಆಚರಿಸುವುದೇ ಇಲ್ಲ. ಮಿಂಡನಾವೊದ ಮರನಾವೊ, ಮಗಿಂಡನಾವೊ, ಸುಲು ದ್ವೀಪಗಳ ತೌಸುಗ್ ಜನ ಮುಸ್ಲಿಮರು. ಅವರಿಗೆ ಚರ್ಚಿನ ವಿಳಾಸ ಕೊಟ್ಟು ಮುಜುಗರ ಮಾಡಬೇಡಿ.

ಬಡಾವಣೆಗಳಲ್ಲಿ ಸತ್ವಾ, ಕರಾಮಾ, ಅಲ್ ರಿಗ್ಗಾ ಮುಖ್ಯ. ಅಲ್ಲಿನ ಫಿಲಿಪಿನೊ ದಿನಸಿ ಅಂಗಡಿ, ಸಲೂನು, ಹಣ ಕಳಿಸುವ ಎಕ್ಸ್‌ಚೇಂಜ್ ಮತ್ತು ಊರಿನ ಮನೆಯವರಿಗೆ ಸಾಮಾನು ತುಂಬಿದ ಬಾಲಿಕ್‌ಬಾಯನ್ ಪೆಟ್ಟಿಗೆ ಕಳಿಸುವ ಕಾರ್ಗೊ ಅಂಗಡಿಗಳಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಹಡಗಿನಲ್ಲಿ ಹೋಗುವ ಆ ಪೆಟ್ಟಿಗೆ ಯಾವ ಪ್ರಾಂತ್ಯಕ್ಕೆ ಎಂದು ಕಾರ್ಗೊದವನು ಕೇಳಲೇಬೇಕಲ್ಲ! ಆಟ ಬಲ್ಲ ಗಂಡಸರಿಗೆ ಬ್ಯಾಸ್ಕೆಟ್‌ಬಾಲ್ ಸಾಕು. ನಮ್ಮಲ್ಲಿ ಕ್ರಿಕೆಟ್ ಹೇಗೋ ಅವರಲ್ಲಿ ಅದು.

ಮಾತಿನ ಮರ್ಯಾದೆ ನಮಗೆ ಹೊಸದಲ್ಲ. ಹಿರಿಯ ಗಂಡಸಿಗೆ ‘ಕುಯಾ’, ಹಿರಿಯ ಹೆಂಗಸಿಗೆ ‘ಆತೆ’. ಆತೆ ಎಂದರೆ ಅಕ್ಕ, ಅತ್ತೆಯಲ್ಲ. ‘ಪೊ’ ಎಂಬುದು ನಮ್ಮ ‘ರೀ’ ಇದ್ದಂತೆ, ‘ಸಲಾಮತ್ ಪೊ’ ಎಂದರೆ ಧನ್ಯವಾದ ರೀ. ‘ಕುಮಾಇನ್ ಕ ನ?’ ಎಂದು ಯಾರಾದರೂ ಕೇಳಿದರೆ ಅದು ನಮ್ಮ ‘ಊಟ ಆಯ್ತಾ?’ ಅಷ್ಟೆ, ಆಮಂತ್ರಣ ಅಲ್ಲ. ‘ಫಿಲಿಪಿನಾ’ ಎಂಬುದನ್ನು ಕೆಲಸದಾಕೆ ಎಂಬ ಅರ್ಥದಲ್ಲಿ ಬಳಸುವ ಚಾಳಿ ಮಾತ್ರ ನಮ್ಮವರು ಬಿಡಬೇಕು.

ಜೊತೆಗೆ ಹೋಗುವ ಸಸ್ಯಾಹಾರಿಗಳಿಗೊಂದು ಎಚ್ಚರಿಕೆ. ಪಿನಕ್‌ಬೆಟ್ ನೋಡಲು ಬದನೆ, ಬೆಂಡೆ, ಹಾಗಲದ ಪಲ್ಯ, ಆದರೆ ಅದರಲ್ಲಿ ಬಗೊಒಂಗ್ ಎಂಬ ಸಿಗಡಿಯದೋ ಮೀನಿನದೋ ಗೊಜ್ಜು ಇರುತ್ತದೆ. ಅಕ್ಕಿಯ ತಿನಿಸುಗಳ ಕಡೆ ತಿರುಗಿ: ಬಾಳೆಲೆಯಲ್ಲಿ ಬೇಯಿಸಿದ ಸುಮಾನ್ ನಮ್ಮ ಕಡುಬಿನ ನೆಂಟ. ಬಿಬಿಂಕಾದಲ್ಲಿ ಮೊಟ್ಟೆ ಇರುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ, ಕೆಡುವುದು ಹೆಚ್ಚಾಗಿ ಇಲ್ಲೇ. ‘ಪಲುವಗಾನ್’ ಅವರ ಚೀಟಿ. ಹತ್ತು ಜನ ತಿಂಗಳಿಗೆ 500 ದಿರ್ಹಂ ಹಾಕಿದರೆ ಸರದಿಯ ಮೇಲೆ ಒಬ್ಬೊಬ್ಬರಿಗೆ 5,000. ಹರಾಜಿಲ್ಲ, ಕಸರಿಲ್ಲ, ಬರಹವೂ ಇಲ್ಲ. ಮೊದಲ ಸರದಿ ಹಳಬರಿಗೆ, ಕೊನೆಯದು ಹೊಸಬರಿಗೆ. ನಡುವೆ ಇಬ್ಬರ ವೀಸಾ ರದ್ದಾಗಿ ವಿಮಾನ ಹತ್ತಿದರೆ ಮುಳುಗುವುದು ಕೊನೆಯವರ ದುಡ್ಡೇ. ಬಂದ ಮೊದಲ ಆರು ತಿಂಗಳು ಸೇರದಿರುವುದು ಕ್ಷೇಮ. ಆಮೇಲೂ ಒಂದೇ ಕಡೆ ಕೆಲಸ ಮಾಡುವವರ ಗುಂಪಿನಲ್ಲಿ ಮಾತ್ರ. ಚಂಡಮಾರುತ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಚಂದಾ ಎತ್ತುವುದೂ ಅಪಾಯ. ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಯುಎಇಯಲ್ಲಿ ಅಪರಾಧ, 2021ರ ಕಾನೂನು ಇದಕ್ಕೆಂದೇ ಇದೆ. ಕೊಡುವುದಿದ್ದರೆ ಪರವಾನಗಿ ಇರುವ ದತ್ತಿ ಸಂಸ್ಥೆಗೇ ಕೊಡಿ. ‘ಕಬಾಯನ್’, ಅಂದರೆ ನಮ್ಮೂರವರೇ, ಎನ್ನುತ್ತ ಮೊದಲ ಭೇಟಿಯಲ್ಲೇ ನೋಂದಣಿ ಶುಲ್ಕ ಕೇಳುವವರಿಂದ ದೂರ ಇರಿ.

ಬಳಗವಿದ್ದರೆ ಕಾಗದಪತ್ರದ ತೊಡಕು ಎಷ್ಟು ಬೇಗ ಬಿಡಿಸುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು. ರಜೆಗೆ ಊರಿಗೆ ಹೋದ ಕಾರ್ಮಿಕರು ವಾಪಸ್ ಹೊರಡುವಾಗ ವಿದೇಶಿ ಉದ್ಯೋಗ ಪ್ರಮಾಣಪತ್ರವನ್ನೋ ಅದರ ವಿನಾಯಿತಿಯನ್ನೋ ತೋರಿಸದಿದ್ದರೆ ಮನಿಲಾ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಓವಾ ಎಂಬ ಅವರ ಕಲ್ಯಾಣ ನಿಧಿಯ ಸದಸ್ಯತ್ವಕ್ಕೆ 25 ಡಾಲರ್, ಅವಧಿ ಎರಡು ವರ್ಷ. ಟಿಕೆಟ್ ತೆಗೆಯುವ ಮೊದಲೇ ಇವೆರಡನ್ನೂ ನೋಡಿಕೋ ಎಂದು ಹೇಳಿಕೊಡುವವರು ಹಳೆಯ ‘ಆತೆ’ಗಳೇ.

ಇಷ್ಟೆಲ್ಲ ಗೊತ್ತಿದ್ದರೂ ಮನೆಗೆಲಸದವರ ಪಾಲಿಗೆ ದೊಡ್ಡ ಅಡ್ಡಿ ಬೇರೆಯೇ. ಅದು ರಜೆ. 2022ರ ಮನೆಗೆಲಸದವರ ಕಾನೂನಿನ ಪ್ರಕಾರ ವಾರಕ್ಕೊಂದು ದಿನ ಸಂಬಳಸಹಿತ ವಿಶ್ರಾಂತಿ ಇದೆ, ಗುರುತಿನ ಕಾಗದಪತ್ರಗಳೂ ಅವರ ಕೈಯಲ್ಲೇ ಇರಬೇಕು. ‘ರಜೆ ತಗೊ, ಮನೆಯಲ್ಲೇ ಇರು’ ಎಂದರೆ ಅದು ರಜೆಯಲ್ಲ, ಮಗು ಅತ್ತಾಗ ಆಕೆಯೇ ಎದ್ದು ಬರುತ್ತಾಳೆ. ದಿನ ಯಾವುದೆಂದು ಮೊದಲೇ ಗೊತ್ತುಮಾಡಿ. ವಾರವಾರ ಬದಲಾಯಿಸಿದರೆ ಆಕೆ ಯಾವ ಗುಂಪಿನಲ್ಲೂ ನಿಲ್ಲುವುದಿಲ್ಲ. ಮೆಟ್ರೊ ಪಯಣಕ್ಕೆ ದೂರ ನೋಡಿಕೊಂಡು 3ರಿಂದ 7.5 ದಿರ್ಹಂ ಆಗುತ್ತದೆ, ನೋಲ್ ಕಾರ್ಡಿನಲ್ಲಿ ಹೋಗಿಬರುವಷ್ಟು ದುಡ್ಡಿದೆಯೇ ನೋಡಿ. ವಿಲ್ಲಾ ಬಡಾವಣೆಗಳಿಂದ ನಿಲ್ದಾಣಕ್ಕೆ ಬಿಟ್ಟುಬರುವ ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಈಗ ಡಿಸೆಂಬರ್ ಹತ್ತಿರವಾಗುತ್ತಿದೆ. ಅವರ ‘ಸಿಂಬಾಂಗ್ ಗಬಿ’ ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನಗಳ ಪೂಜೆ. ಊರಿನಲ್ಲಿ 16ರಿಂದ 24ರವರೆಗೆ ನಸುಕಿನಲ್ಲಿ ನಡೆಯುತ್ತದೆ. ಇಲ್ಲಿ ಕೆಲಸದ ವೇಳೆ ನೋಡಿ ಸಂಜೆಗೆ ಇಡುತ್ತಾರೆ. ಸಂಜೆಗೆ ಇಟ್ಟಲ್ಲಿ ಒಂದು ದಿನ ಮೊದಲೇ ಶುರುವಾಗುವುದುಂಟು, ಅದಕ್ಕೇ ಚರ್ಚಿನ ಪ್ರಕಟಣೆ ನೋಡಿ ದಿನ ಗುರುತು ಮಾಡಿಕೊಳ್ಳಿ. ಒಂಬತ್ತನ್ನೂ ಬಿಡದೆ ಮುಗಿಸಿದರೆ ಬೇಡಿಕೊಂಡದ್ದು ಕೈಗೂಡುತ್ತದೆಂಬುದು ಅವರ ನಂಬಿಕೆ. ಆ ದಿನಗಳಲ್ಲಿ ಮನೆಯ ರಾತ್ರಿಯೂಟವನ್ನು ಒಂದು ಗಂಟೆ ಮುಂಚೆ ಮಾಡಿ, ಔತಣವನ್ನು ಆ ಒಂಬತ್ತು ಸಂಜೆಗಳ ಆಚೆಗೆ ಇಟ್ಟುಕೊಳ್ಳಿ.

— ಕರಾವಳಿ ಮೂಲದ ಕೆಲವು ಓದುಗರು, ಕರಾಮಾ, ದುಬೈ